ಹೊಳೆದ ಬೀದಿಗಳು

ಹಾಳು ಮೋಡ ಊರಿನ ಮೇಲೆ ಠಿಕಾಣಿ ಹೂಡಿತ್ತು. ಹೆಲಿಕಾಪ್ಟರ್ ಏರುವಂತಿಲ್ಲ, ಕ್ಯಾಮೆರಾಗಳಿಗೆ ಏನೂ ಕಾಣುವಂತಿಲ್ಲ. ಉಪಗ್ರಹದ ರೇಡಾರಿಗೆ ಮಾತ್ರ ಮೋಡವೆಂದರೆ ಲೆಕ್ಕಕ್ಕೇ ಇಲ್ಲ. ಮೇಲಿನಿಂದ ರೇಡಿಯೋ ಅಲೆ ಬಿಟ್ಟು, ತಿರುಗಿ ಬಂದದ್ದನ್ನು ಹಿಡಿದು, ನೆರೆ ನುಗ್ಗಿದ ಊರಿನ ಚಿತ್ರ ಕಳಿಸಿತ್ತು. ಅದನ್ನು ಓದಿ ಹೇಳುವವಳಿಗೆ ನೆರೆ ನಿಯಂತ್ರಣ ಕೊಠಡಿಯಲ್ಲಿ ಎಲ್ಲರೂ ಇಟ್ಟ ಹೆಸರು ‘ಕನ್ನಡಕ’.

ಆ ಚಿತ್ರದಲ್ಲಿ ನೀರು ಕಪ್ಪಗಿರುತ್ತದೆ. ನುಣುಪಾದ ನೀರಿಗೆ ಬಿದ್ದ ಅಲೆ ಜಾರಿ ಆಚೆ ಹೋಗಿಬಿಡುತ್ತದೆ, ವಾಪಸು ಬರುವುದಿಲ್ಲ. ಹಾಗಾಗಿ ಕನ್ನಡಕ ಬೆಳಿಗ್ಗೆ ಕಪ್ಪಿದ್ದಲ್ಲೆಲ್ಲ ಕೆಂಪು ಗುರುತು, ಬೆಳ್ಳಗಿದ್ದಲ್ಲಿ ಹಸಿರು ಗುರುತು ಹಾಕಿದ್ದಳು. ಅವಳ ಅಕ್ಕ ಇದ್ದ ಬಡಾವಣೆ ಬೆಳ್ಳಗೆ ಥಳಥಳ ಹೊಳೆಯುತ್ತಿತ್ತು. ಸದ್ಯ, ಅಕ್ಕ ಬಚಾವಾದಳು ಎಂದು ಅದಕ್ಕೂ ಹಸಿರು ಬಿತ್ತು. ದೋಣಿ ದಳದ ಕ್ಯಾಪ್ಟನ್ ಆ ಗುರುತು ನೋಡಿಯೇ ದೋಣಿಗಳನ್ನು ಕೆಂಪು ಬಿದ್ದಿದ್ದ ಹೊಲಗಳ ಕಡೆ ಅಟ್ಟಿದರು.

ಮಧ್ಯಾಹ್ನವಾದರೂ ಅಕ್ಕನ ಫೋನು ಹತ್ತಲಿಲ್ಲ, ಭಾವನದೂ ಇಲ್ಲ. ಅಕ್ಕ ಹಸಿ ಬಾಣಂತಿ ಬೇರೆ. ನೀರೇ ಬರದ ಕಡೆ ಫೋನು ಯಾಕೆ ಸಾಯಬೇಕು? ಕನ್ನಡಕ ಕಳೆದ ತಿಂಗಳ ಚಿತ್ರ ತೆಗೆದು ಪಕ್ಕದಲ್ಲಿಟ್ಟಳು. ಆಗ ಆ ಬೀದಿಗಳು ಬರೀ ಬೂದುಬಣ್ಣ! ಒಣಗಿದ ಬೀದಿಗೆ ಇದ್ದಕ್ಕಿದ್ದಂತೆ ಇಷ್ಟು ಹೊಳಪು ಎಲ್ಲಿಂದ ಬರಬೇಕು? ಮನೆಗಳ ನಡುವೆ ನೀರು ನಿಂತಿದೆ. ನೀರಿನ ಮೇಲೆ ಜಾರಿದ ಅಲೆ ಗೋಡೆಗೆ ಬಡಿದು ನೇರ ಉಪಗ್ರಹಕ್ಕೇ ವಾಪಸಾಗಿದೆ, ಅದಕ್ಕೇ ಈ ಹೊಳಪು. ಓದಿ ಅರೆದು ಕುಡಿದ ಪಾಠ, ಅವಸರದಲ್ಲಿ ಮರೆತೇಹೋಗಿತ್ತು. ಅಯ್ಯೋ ಪಾಪಿ, ಎಂದು ತನ್ನನ್ನೇ ಬೈದುಕೊಂಡು, ಎರಡೂ ಚಿತ್ರ ಹಿಡಿದು ಕ್ಯಾಪ್ಟನ್ ಬಳಿಗೆ ಓಡಿದಳು.

“ಬೆಳಿಗ್ಗೆ ಹಸಿರು ಅಂದೆ, ಈಗ ಕೆಂಪು ಅಂತೀಯಲ್ಲಮ್ಮ,” ಎಂದರು ಕ್ಯಾಪ್ಟನ್. “ನಿಮ್ಮಕ್ಕ ಇರೋ ಬಡಾವಣೆ ಅಲ್ವಾ ಅದು?”

“ಹೌದು ಸರ್. ನನ್ನನ್ನ ನಂಬಬೇಡಿ, ಇದನ್ನ ನೋಡಿ. ಫೋನ್ ಬಂತು ಅಂತ ನಿಮ್ಮೋರು ಮಾರುಕಟ್ಟೆ ಬೀದಿಗೆ ಹೋದ್ರಲ್ಲ, ಅಲ್ಲಿ ಎಷ್ಟು ನೀರಿದೆ?”

“ಎದೆಮಟ್ಟ.”

“ಚಿತ್ರದಲ್ಲಿ ಅದೂ ಬೆಳ್ಳಗೇ ಇದೆ. ಹೋದ ತಿಂಗಳು ಅದೂ ಬೂದುಬಣ್ಣ. ಅಕ್ಕನ ಬೀದಿ ಥರಾನೇ.”

ಕ್ಯಾಪ್ಟನ್ ಎರಡೂ ಚಿತ್ರಗಳ ಮೇಲೆ ಬಗ್ಗಿದರು, ಮತ್ತೊಮ್ಮೆ ಬಗ್ಗಿದರು. “ಎಲಾ ಇದರ!” ಎಂದು ವೈರ್‌ಲೆಸ್‌ಗೆ ಕೈ ಹಾಕಿದರು.

ಆಮೇಲೆ ಕೊಠಡಿಯಲ್ಲಿ ಯಾರೂ ಕೂರಲಿಲ್ಲ. ಕನ್ನಡಕ ವೈರ್‌ಲೆಸ್ ಪಕ್ಕ ಬಿಟ್ಟು ಅಲುಗಲಿಲ್ಲ. ಕೊನೆಗೊಮ್ಮೆ ವೈರ್‌ಲೆಸ್ ಗೊರಗುಟ್ಟಿತು: “ಕಿಟಕಿ ಮುಳುಗಿದೆ ಸರ್! ತಾರಸಿ ತುಂಬ ಜನ! ಬಾಣಂತಿ, ಮಗು, ಇಬ್ರನ್ನೂ ದೋಣಿಗೆ ಹತ್ತಿಸ್ಕೊಂಡ್ವಿ!” ಕೊಠಡಿಗೆ ಕೊಠಡಿಯೇ ಹೋ ಎಂದು ಕೂಗಿತು. ಆ ಗದ್ದಲದಲ್ಲೇ ವೈರ್‌ಲೆಸ್‌ನಿಂದ ಅಕ್ಕನ ದನಿ ಬಂತು.

“ಇಷ್ಟು ಮೋಡ ಮುಚ್ಚಿದೆ ಕಣೇ, ನಾವು ಹೇಗೆ ಕಂಡ್ವಿ ನಿಂಗೆ?”

“ನಿಮ್ಮ ಬೀದಿ ಹೊಳೀತಿತ್ತು ಅಕ್ಕ,” ಎಂದಳು ಕನ್ನಡಕ. ಅಳು, ನಗು ಎರಡೂ ಒಟ್ಟಿಗೇ ಬಂದವು. ಕ್ಯಾಪ್ಟನ್ ಅವಳ ಬೆನ್ನು ತಟ್ಟಿದರು.

“ಆಮೇಲೆ ಅಳುವಿಯಂತೆ ತಾಯಿ. ಇನ್ನೂ ಎಲ್ಲೆಲ್ಲಿ ಹೊಳೀತಿದೆ, ಹೇಳು.”

ಅವಳು ಚಿತ್ರದ ಮೇಲೆ ಬೆರಳಿಟ್ಟು ಒಂದೊಂದೇ ಬೀದಿ ಹೇಳುತ್ತಾ ಹೋದಳು. ಹೇಳಿದ ಕಡೆಗೆಲ್ಲ ದೋಣಿಗಳು ಹೊರಟವು.