ಗಾಡಿ ಬಂದಾಗ ಅಳಬೇಕು

ಸುಂದರವ್ವ ಬೆಳಗಿನ ಜಾವ ತೀರಿಕೊಂಡಿದ್ದಳು. ಮುರಗೋಡದ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ, ಹಣೆತುಂಬ ವಿಭೂತಿ ಹಚ್ಚಿ ಕೂರಿಸಿದ್ದರು. ಸುತ್ತ ಹೆಂಗಸರು. ಹೊರಗೆ ಗಾಡಿ ನಿಂತು ಸಂಬಂಧಿಕರು ಇಳಿದರೆ ಸಾಕು, ಎಲ್ಲರೂ ಒಮ್ಮೆಲೇ ಗೋಳಿಡುವುದು, ಸತ್ತವಳ ಗುಣ ಹಾಡಿ ಹಾಡಿ ಅಳುವುದು. ಬಂದವರು ಕೂತ ಮೇಲೆ ಮೂಗು ಒರೆಸಿಕೊಂಡು, "ನಿಮ್ಮ ಕಡೆ ಮಳಿ ಆತೇನ್ರಿ?" ಮತ್ತೆ ಗಾಡಿ, ಮತ್ತೆ ಗೋಳು. ಯಾರೂ ಯಾರಿಗೂ ಕಲಿಸಿದ್ದಲ್ಲ, ಎಲ್ಲರಿಗೂ ಗೊತ್ತು.

ಸುಂದರವ್ವನನ್ನು ಆಯಿ ಎನ್ನುತ್ತಿದ್ದ ಮೊಮ್ಮಗಳು ಸಪ್ನಾಗೆ ಮಾತ್ರ ಗೊತ್ತಿರಲಿಲ್ಲ. ವಯಸ್ಸಿಗೆ ಬಂದ ಹುಡುಗಿ, ಎರಡೂ ಕಿವಿ ಮುಚ್ಚಿಕೊಂಡು ಕಂಬದ ಹತ್ತಿರ ನಿಂತಿದ್ದಳು.

"ಸಾಕಿದಾಕಿ ಸತ್ತಾಳ, ಒಂದ್ ಹನಿ ಕಣ್ಣೀರಿಲ್ಲ. ಕಲ್ಲು ಬಿಡವಾ," ಎಂದಳು ವೈನಿ, ಶೈಲಜಾಳ ಅಣ್ಣನ ಹೆಂಡತಿ.

ಶೈಲಜಾ ಸುಂದರವ್ವನ ಮಗಳು, ಸಪ್ನಾಳ ತಾಯಿ. ಸಪ್ನಾಗೆ ಆಟಿಸಂ ಇದೆ ಎಂದು ಬೆಳಗಾವಿಯ ಡಾಕ್ಟರು ಎಂದೋ ಹೇಳಿದ್ದರು. "ಮಿದುಳಿನ್ಯಾಗ ಒಂದ್ ಕಡೆಯಿಂದ ಇನ್ನೊಂದ್ ಕಡೆ ಸುದ್ದಿ ಒಯ್ಯೋ ದಾರಿ ಇರತಾವ. ಈಕೀವು ಬ್ಯಾರೆ ಥರಾ ಅದಾವ. ಮಂದಿ ಮಾರಿ ನೋಡಿ ನಾವು ಥಟ್ಟನೆ ತಿಳಕೋತೇವಿ, ಈಕಿಗೆ ಅದನ್ನ ಬಿಡಿಸಿ ಹೇಳಬೇಕು." ಕೇಳಿದ ಸುಂದರವ್ವ ನಕ್ಕಿದ್ದಳು: "ದಾರಿ ಬ್ಯಾರೆ ಇದ್ದರೇನಾತು? ಮುಟ್ಟೂದು ಮುಟ್ಟತೈತಿ ತಗೋ, ಜರಾ ತಡಾ ಆದೀತು."

ಈಗ ಆ ಮಾತು ಯಾರಿಗೆ ಹೇಳುವುದು? ಶೈಲಜಾ ಮಗಳನ್ನು ಮೂಲೆಗೆ ಕರೆದು ಪಿಸುಗುಟ್ಟಿದಳು, "ಗಾಡಿ ಬಂದಾಗ ಎಲ್ಲಾರೂ ಅಳಬೇಕು. ತಿಳೀತಿಲ್ಲೋ?"

"ತಿಳೀತು."

ಬಿಡಿಸಿ ಹೇಳಿದ್ದು ಆಯಿತು. ಹೆಂಗಸರು ಚಹಾದ ಕಪ್ಪು-ಬಸಿ ಕೈಯಲ್ಲಿ ಹಿಡಿದಿದ್ದಾಗ ಹೊರಗೆ ಕ್ರೂಸರ್ ಬಂದು ನಿಂತಿತು. ಸಪ್ನಾ ಬಾಗಿಲಿಗೆ ಓಡಿ, ಒಳಗೆ ತಿರುಗಿ, ದೊಡ್ಡ ದನಿಯಲ್ಲಿ ಕೂಗಿದಳು:

"ಸವದತ್ತಿ ಗಾಡಿ ಬಂತು! ಚಾ ಕೆಳಗಿಡ್ರಿ, ಎಲ್ಲಾರೂ ಅಳ್ರಿ!"

ಇಳಿಯುತ್ತಿದ್ದವರು ಅಲ್ಲೇ ನಿಂತರು. ಒಳಗೆ ಯಾರಿಗೂ ಅಳು ಹೊರಡಲಿಲ್ಲ. ಕಟ್ಟೆಯ ಮೇಲಿದ್ದ ನಿಜಗುಣಪ್ಪ ಕಾಕಾ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ, ಭುಜ ಕುಣಿಯುತ್ತಿದ್ದವು.

"ಶೈಲಾ, ಮಗಳಿಗೆ ಡ್ಯೂಟಿ ಹಚ್ಚೀಯೇನವಾ?" ಎಂದಳು ವೈನಿ. "ಪಗಾರ ಎಷ್ಟು?"

ಶೈಲಜಾಳ ಮುಖ ಕಾದ ಹಂಚಿನಂತಾಯಿತು. ಮುಟ್ಟಿದರೆ ಸಪ್ನಾ ಬೆದರುತ್ತಾಳೆಂದು ಗೊತ್ತಿದ್ದೂ ರಟ್ಟೆ ಹಿಡಿದು ಚಿವುಟಿದಳು. ದರದರ ಎಳೆದೊಯ್ದು ಒಳಕೋಣೆಗೆ ನೂಕಿ ಹೊರಗಿನಿಂದ ಚಿಲಕ ಹಾಕಿದಳು. "ಮಣ್ಣು ಆಗೂತನಾ ಹೊರಗ ಬರಬ್ಯಾಡ. ನನ್ನ ಮಾನಾ ಕಳದಿ!"

ಆಮೇಲೆ ಬಂದು ಸವದತ್ತಿಯವರ ಕೊರಳು ಹಿಡಿದು ಎಲ್ಲರಿಗಿಂತ ಜೋರಾಗಿ ಅತ್ತಳು. ಎಲ್ಲರೂ ನೋಡಿದರು.

ಮಧ್ಯಾಹ್ನ ನೀರು ಕೊಡಲೆಂದು ಚಿಲಕ ತೆಗೆದಳು. ಸಪ್ನಾ ಶೇಂಗಾ ಚೀಲಕ್ಕೆ ಒರಗಿ, ಲಂಗದ ಅಂಚಿನಿಂದ ಏನನ್ನೋ ಒರೆಸುತ್ತಿದ್ದಳು. ರಟ್ಟೆಯ ಮೇಲೆ ಉಗುರಿನ ಗುರುತು ಕೆಂಪಗಿತ್ತು.

"ಏನದು?"

"ಆಯಿ ಚಷ್ಮಾ. ದಿನಾ ನಾನೇ ಒರಸಿ ಕೊಡತೇನಿ." ಸಪ್ನಾ ತಲೆ ಎತ್ತಲಿಲ್ಲ. "ಇವತ್ತ ಯಾರೂ ಹಾಕೇ ಇಲ್ಲ. ಅಷ್ಟ್ ಮಂದಿ ಬಂದಾರ, ಆಕಿಗೆ ಮಾರಿ ಹೆಂಗ ಕಾಣಬೇಕು?"

ಶೈಲಜಾ ನೀರಿನ ತಂಬಿಗೆ ಕೆಳಗಿಟ್ಟು ಮಗಳ ಪಕ್ಕ ಕೂತಳು. ಬೆಳಗಿನಿಂದ ಎಷ್ಟು ಸಲ ಅತ್ತಿದ್ದಳೋ, ಈಗ ಸದ್ದಿಲ್ಲದೆ ಕಣ್ಣೀರು ಸುರಿಯತೊಡಗಿತು.

ಸಪ್ನಾ ಕಿಟಕಿಯ ಹೊರಗೆ ಇಣುಕಿ ನೋಡಿದಳು. "ಅವ್ವಾ, ಯಾವ ಗಾಡೀನೂ ಬಂದಿಲ್ಲ. ಯಾಕ ಅಳಾಕತ್ತಿ?"

ಶೈಲಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಹಾರ್ನ್ ಕೇಳಿಸಿತು. ರಾಮದುರ್ಗದವರು. "ಈಗ ಬಂತು. ಹೇಳ್ಲೇನು?" ಸಪ್ನಾ ಎದ್ದಳು.

"ಬ್ಯಾಡವಾ. ನಡಿ, ಮೊದಲ ಆಯಿಗೆ ಚಷ್ಮಾ ಹಾಕೂಣು."

ಪಡಸಾಲೆಯಲ್ಲಿ ಗೋಳು ಏರಿತ್ತು. ಶೈಲಜಾ ಹೂವಿನ ಹಾರ ಸರಿಸಿ ಹಿಡಿದಳು. ಸಪ್ನಾ ಒಂದೊಂದೇ ಕಿವಿಗೆ ಕಡ್ಡಿ ಸಿಗಿಸಿ, ಓರೆಯಾದದ್ದನ್ನು ನೆಟ್ಟಗೆ ಮಾಡಿದಳು. ವೈನಿ ಅಳುವುದನ್ನು ಅರ್ಧಕ್ಕೆ ಬಿಟ್ಟು, "ಇದೇನ ನಾಚಿಗ್ಗೇಡು, ಶೈಲಾ!" ಎಂದಳು.

ಶೈಲಜಾ ಹಾರ ಬಿಟ್ಟು ಮಗಳ ಪಕ್ಕಕ್ಕೆ ಸರಿದಳು. ಸಪ್ನಾ, ಯಾರ ಮುಖವನ್ನೂ ನೋಡದ ಸಪ್ನಾ, ಆಯಿಯ ಮುಖವನ್ನೇ ನೋಡುತ್ತ ನಿಂತಿದ್ದಳು. ಶೈಲಜಾಗೆ ತಲೆ ಎತ್ತಲು ಆಗಲಿಲ್ಲ. ಸಪ್ನಾಳ ರಟ್ಟೆಯ ಗುರುತೂ ಸೇರಿ ತನ್ನ ಅವ್ವನಿಗೆ ಈಗ ಎಲ್ಲ ಕಾಣುತ್ತಿತ್ತು.