ತಾಮ್ರದ ಮೇಲಿನ ವಿಭೂತಿ

ದೇವರ ಮನೆ ಆಯಿತು, ಹೊಸ್ತಿಲು ಆಯಿತು, ಒಲೆಯ ಕಟ್ಟೆಯೂ ಆಯಿತು. ಅಂಗೈಯಲ್ಲಿ ಇನ್ನೂ ಒಂದಿಷ್ಟು ಒದ್ದೆ ವಿಭೂತಿ ಉಳಿದಿತ್ತು. ಅನುಸೂಯಮ್ಮ ಕೈ ತೊಳೆಯಲು ನಲ್ಲಿಯತ್ತ ತಿರುಗುವಷ್ಟರಲ್ಲಿ ಗಂಡ ಗಂಗಾಧರಪ್ಪ ಹಿತ್ತಾಳೆ ತಟ್ಟೆಯೊಂದನ್ನು ಎಡಗೈಯಲ್ಲಿ ಅವುಚಿಕೊಂಡು ಬಂದು ಅವಳ ಮುಂದಿಟ್ಟ. ತಟ್ಟೆಯಲ್ಲಿ ಕಪ್ಪು ಕಬ್ಬಿಣದ ಗಿಡ್ಡ ಉರುಳೆಯೊಂದಿತ್ತು.

"ಇದಕ್ಕೂ ಹಚ್ಚಿಬಿಡೇ. ಕಾರಿನ ಸೆಲ್ಫ್ ಮೋಟ್ರು. ಎರಡು ತಿಂಗ್ಳು ಕಾದ ಮೇಲೆ ಬಂದೈತೆ."

ಅವಳು ಉರುಳೆಯ ಹೊಟ್ಟೆಗೆ ಮೂರೆಳೆ ಎಳೆದಳು. ಮೇಲೆ ಒಂದು ತಾಮ್ರದ ಬೋಲ್ಟು ಹಣೆಯಂತೆ ಎದ್ದು ನಿಂತಿತ್ತು. ಉಳಿದದ್ದನ್ನೆಲ್ಲ ಹೆಬ್ಬೆರಳಿನಿಂದ ಅದಕ್ಕೇ ದಪ್ಪಗೆ ಮೆತ್ತಿದಳು.

ಕಾರು ಮಾವನ ಕಾಲದ್ದು, ಪರದೇಶದ ಆರು ಸಿಲಿಂಡರಿನದು. ಹಾರನಹಳ್ಳಿಯಲ್ಲಿ ಅದನ್ನು ಕಾರು ಎನ್ನುವವರೇ ಇಲ್ಲ, "ಆರ್ ಸಿಲಿಂಡ್ರು" ಎಂದೇ ಅದರ ಹೆಸರು. ಒಂಬತ್ತು ವರ್ಷದ ಹಿಂದೆ, ಗುಂಡಿ ಒತ್ತಿದರೆ ಎಂಜಿನ್ ಎಬ್ಬಿಸುವ ಅದರ ಸೆಲ್ಫ್ ಸುಟ್ಟುಹೋಯಿತು. ಅಂದಿನಿಂದ ಮುಂದುಗಡೆ ಉದ್ದನೆಯ ಹ್ಯಾಂಡಲ್ ತೂರಿಸಿ ತಿರುಗಿಸಿಯೇ ಎಂಜಿನ್ ಎಬ್ಬಿಸಬೇಕು. ಗಂಗಾಧರಪ್ಪನ ಬಲಭುಜಕ್ಕೆ ಆಪರೇಷನ್ ಆಗಿತ್ತು. ಹಾಗಾಗಿ ಹ್ಯಾಂಡಲ್ ಅವಳದಾಯಿತು. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಳ್ಳಬೇಕು, ಕೆಳಕ್ಕೆ ಒತ್ತಬಾರದು, ಮೇಲಕ್ಕೆ ಎಳೆಯಬೇಕು. ಮಾವ ಬದುಕಿದ್ದಾಗ ಹೇಳಿಕೊಟ್ಟ ಪಾಠ.

ಪ್ರತಿ ಸೋಮವಾರ ಗಂಗಾಧರಪ್ಪ ಹಳೇಬೀಡಿನ ಹತ್ತಿರದ ತೆಂಗಿನ ತೋಟ ನೋಡಲು ಹೋಗುತ್ತಾನೆ. ಬರುವಾಗ ಕಾರು ಎಬ್ಬಿಸಲು ಅವಳು ಬೇಕು, ಆದ್ದರಿಂದ ಅವಳೂ ಹೋಗುತ್ತಾಳೆ. ಅವನು ತೋಟದಲ್ಲಿರುವ ಎರಡು ಗಂಟೆ ಅವಳು ತೋಟದ ಪಕ್ಕದ ಮಾದಿಹಳ್ಳಿಯಲ್ಲಿ ಅಕ್ಕ ಕಾಂತಮ್ಮನ ಮನೆಯ ಜಗಲಿಯ ಮೇಲೆ ಕೂತಿರುತ್ತಾಳೆ.

ಅರಸೀಕೆರೆಯಿಂದ ಮೆಕ್ಯಾನಿಕ್ ರಂಗನಾಥ ಬಂದು ಮಧ್ಯಾಹ್ನದೊಳಗೆ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದ.

"ಅಕ್ಕೋರೆ, ಇನ್ಮೇಲೆ ನಿಮ್ಮ ರಟ್ಟೆಗೆ ರಿಟೈರ್ಮೆಂಟು."

"ಒಂಬತ್ತು ವರ್ಷ ಬೈಸ್ಕೊಂಡಿದೀನಿ ಕಣಯ್ಯಾ," ಎಂದ ಗಂಗಾಧರಪ್ಪ. "ಈ ಹ್ಯಾಂಡ್ಲು ನನ್ನ ಪ್ರಾಣ ತಿಂತೈತೆ, ನಿಮ್ ಜೊತೆ ಬರೋದೇ ಒಂದು ಶಿಕ್ಷೆ ಅಂತಿದ್ಲು ಇವ್ಳು. ಸೋಮವಾರದಿಂದ ಆರಾಮಾಗಿ ಮನೇಲಿರು ಮಾರಾಯ್ತಿ. ಎಲ್ಲೂ ಬರ್ಬೇಡ."

ಅನುಸೂಯಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಬೈದದ್ದು ನಿಜ, ಪ್ರತಿ ವಾರ ಬೈದಿದ್ದಳು. ಆದರೆ ಬೈಯುತ್ತಲೇ ಭಾನುವಾರ ಸಂಜೆ ಸೀರೆ ತೆಗೆದಿಡುತ್ತಿದ್ದಳಲ್ಲ, ಅದು? ಅಕ್ಕನ ಮನೆಗೆ ಹೋಗಬೇಕು ಎಂದು ಈ ಮನೆಯಲ್ಲಿ ಅವಳು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಪ್ರಮೇಯವೇ ಬರದಂತೆ ಹ್ಯಾಂಡಲ್ ನೋಡಿಕೊಂಡಿತ್ತು.

ಗಂಗಾಧರಪ್ಪ ಒಳಗೆ ಕೂತು ಗುಂಡಿ ಒತ್ತಿದ. 'ಕಟ್' ಎಂದಿತು, ಅಷ್ಟೇ. ಮತ್ತೆ ಒತ್ತಿದ. ಕಟ್.

ಅವಳ ಎದೆಯಲ್ಲಿ ಏನೋ ಹಗುರಾಯಿತು. ಮರುಕ್ಷಣವೇ ನಾಚಿಕೆಯಾಯಿತು.

"ಬ್ಯಾಟ್ರಿ ಸರಿಯಾಗೈತೆ. ಕರೆಂಟು ಬಾಗ್ಲಿಗೆ ಬಂದು ಒಳಕ್ಕೆ ಹೋಗ್ತಿಲ್ಲ," ಎಂದು ರಂಗನಾಥ ತಲೆ ಕೆರೆದುಕೊಂಡ.

"ನಿನ್ನ ಮಾತು ನಂಬಿ ತರಿಸ್ದೆ ನೋಡು! ಬಿಚ್ಚಿ ವಾಪಸ್ ಕಳ್ಸು. ಯಾವನೋ ಗುಜರಿ ಮಾಲು ಹಚ್ಚವ್ನೆ ನಿಂಗೆ."

ರಂಗನಾಥನ ಮುಖ ಸಣ್ಣದಾಯಿತು. ಬಿಚ್ಚುವುದಕ್ಕೆಂದು ಬ್ಯಾಟರಿಯ ವೈರು ಕಳಚಿಟ್ಟು, ಕಾಫಿಗೆಂದು ಜಗಲಿಗೆ ಹೋದ. ಇಬ್ಬರಿಗೂ ಕಾಫಿ ಕೊಟ್ಟು ಅನುಸೂಯಮ್ಮ ಕಾರಿನ ಬಳಿ ಬಂದಳು. ಯಾಕೆ ಬಂದಳೋ. ಬಾನೆಟ್ಟಿನೊಳಗೆ ಬಗ್ಗಿದಾಗ ಬೆಳ್ಳಗೆ ಏನೋ ಕಂಡಿತು. ತಾಮ್ರದ ಬೋಲ್ಟಿಗೆ ಬಿಗಿದ ದಪ್ಪ ವೈರಿನ ತುದಿಯ ಬಳೆಯ ಅಡಿಯಿಂದ ಒಣಗಿದ ವಿಭೂತಿ ಇಣುಕುತ್ತಿತ್ತು. ಅವಳ ಹೆಬ್ಬೆರಳಿನದೇ. ಪೂಜೆ ಮಾಡಿದ್ದೆಂದು ರಂಗನಾಥ ಒರೆಸದೆ ಹಾಗೆಯೇ ಬಿಗಿದಿದ್ದ. ಬಾಗಿಲಿಗೆ ಅಡ್ಡ ನಿಂತದ್ದು ಇದು!

ಸುಮ್ಮನಿದ್ದರೆ ಸಾಕಿತ್ತು. ಮೋಟಾರು ವಾಪಸಾಗುತ್ತದೆ, ಸೋಮವಾರ ಉಳಿಯುತ್ತದೆ. ಜಗಲಿಯಿಂದ ಗಂಡನ ದನಿ ಇನ್ನೂ ರಂಗನಾಥನನ್ನು ಗದರುತ್ತಿತ್ತು. ಅವಳು ಒಂದು ಹೆಜ್ಜೆ ಹಿಂದೆ ಬಂದಳು. ಮತ್ತೆ ಮುಂದೆ ಹೋದಳು. ಕೊನೆಗೆ ಸ್ಪ್ಯಾನರ್ ಹಿಡಿದು ನಟ್ಟು ಸಡಿಲಿಸಿ, ಸೆರಗಿನ ತುದಿಯಿಂದ ತಾಮ್ರ ಕೆಂಪಗೆ ಮಿನುಗುವ ತನಕ ಉಜ್ಜಿ, ಬಳೆಯ ಅಡಿಯನ್ನೂ ಒರೆಸಿ ಮತ್ತೆ ಬಿಗಿದಳು. ರಂಗನಾಥನ ಮೇಲಿನ ಕನಿಕರವೋ, ದೇವರ ವಿಭೂತಿಯಿಂದ ಕೆಲಸ ಕೆಟ್ಟಿತೆಂಬ ಅಂಜಿಕೆಯೋ, ಅವಳಿಗೇ ಗೊತ್ತಾಗಲಿಲ್ಲ.

"ಬಿಚ್ಚೋಕ್ ಮುಂಚೆ ಕೊನೇದಾಗಿ ಒಂದ್ಸಲ ನೋಡ್ಬಿಡ್ತೀನಿ ಯಜಮಾನ್ರೆ," ಎಂದು ರಂಗನಾಥ ಬಂದು ಬ್ಯಾಟರಿಗೆ ವೈರು ಸಿಕ್ಕಿಸಿ ಬಗ್ಗಿದ. ಗಂಗಾಧರಪ್ಪ ಟಾರ್ಚು ಹಿಡಿದ. "ಅಕ್ಕೋರೆ, ನೀವು ಒಳಗೆ ಕೂತು ಗುಂಡಿ ಒತ್ರಿ."

ಕಾರಿನ ಮುಂದೆ ನಿಂತೇ ಅವಳಿಗೆ ಅಭ್ಯಾಸ. ಸ್ಟಿಯರಿಂಗಿನ ಹಿಂದೆ ಕೂತದ್ದು ಇದೇ ಮೊದಲು. ಅಲ್ಲಿಂದ ರಸ್ತೆ ಬೇರೆಯೇ ರೀತಿ ಕಂಡಿತು. ಒತ್ತಿದಳು. ಆರು ಸಿಲಿಂಡರೂ ಒಟ್ಟಿಗೆ ಕೆಮ್ಮಿ ಗುಡುಗಿದವು.

"ಅದೇನ್ಲಾ ಮಾಡ್ದೆ?"

"ನಾನೇನೂ ಮುಟ್ಟೇ ಇಲ್ಲ ಯಜಮಾನ್ರೆ!"

"ಹಂಗಾದ್ರೆ ನಿನ್ನ ವಿಭೂತಿ ಮಹಿಮೆನೇ ಕಣೇ ಅನುಸೂಯಾ!" ಗಂಗಾಧರಪ್ಪ ಎಡಗೈಯಿಂದ ಹಣೆ ಮುಟ್ಟಿಕೊಂಡ. "ಆ ಹ್ಯಾಂಡ್ಲು ಅಟ್ಟಕ್ಕೆ ಹಾಕ್ಬಿಡು. ಅದರ ಕಾಟ ತಪ್ತು."

"ಹ್ಞೂಂ," ಎಂದಳು.

ಹ್ಯಾಂಡಲನ್ನು ಅಟ್ಟದ ಮೇಲಿಟ್ಟು ಇಳಿದವಳು ಬೀರು ತೆಗೆದಳು. ಹಾರನಹಳ್ಳಿಯಿಂದ ಬೆಳಿಗ್ಗೆ ಏಳೂವರೆಗೆ ಅರಸೀಕೆರೆ ಬಸ್ಸು, ಅಲ್ಲಿಂದ ಹಳೇಬೀಡಿನದು. ಮಾದಿಹಳ್ಳಿಗೆ ಯಾಕೆ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು ಎಂದು ಯೋಚಿಸಿದಳು. ಏನೂ ಹೊಳೆಯಲಿಲ್ಲ. ಹೊಳೆಯದಿದ್ದರೂ ಸೋಮವಾರ ಹೋಗುವುದೇ ಎಂದುಕೊಂಡಳು. ಅಕ್ಕನಿಗೂ ಫೋನ್ ಮಾಡಲಿಲ್ಲ. ಬಸ್ಸಿನಲ್ಲಿ ಉಚಿತ ಟಿಕೆಟ್ಟಿಗೆ ಹೆಂಗಸರು ತೋರಿಸಬೇಕಾದ ಆಧಾರ್ ಕಾರ್ಡನ್ನು ಸೀರೆಗಳ ಅಡಿಯಿಂದ ತೆಗೆದು ಕೈಚೀಲಕ್ಕೆ ಹಾಕಿ, ಬೀರು ಮುಚ್ಚಿ, ಅನ್ನಕ್ಕಿಡಲು ಹೋದಳು.