ತಂಗಿಯ ವಿಷಯ

ಆ ಮನುಷ್ಯನನ್ನು ನೋಡಿದರೆ ಯಾರಿಗೂ ಹೆದರಿಕೆಯಾಗುವಂತಿರಲಿಲ್ಲ. ಇಸ್ತ್ರಿ ಮಾಡಿದ ತಿಳಿನೀಲಿ ಶರ್ಟು, ನೀಟಾಗಿ ಬಾಚಿದ ತಲೆ, ಬಾಗಿಲಲ್ಲೇ ನಿಂತು ‘ಒಳಗೆ ಬರಬಹುದಾ’ ಎಂದು ಕೇಳುವ ಮರ್ಯಾದೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಆ ಕಚೇರಿಗೆ ಬರುವವರು ಸಾಮಾನ್ಯವಾಗಿ ಅಳುತ್ತಲೋ ಯಾರನ್ನಾದರೂ ಬೈಯುತ್ತಲೋ ಬರುವವರು. ವಕೀಲರನ್ನಿಡುವ ಶಕ್ತಿಯಿಲ್ಲದವರ ವಕಾಲತ್ತು ವಹಿಸುವ ಸಂಸ್ಥೆ ಅದು. ಅಲ್ಲಿದ್ದ ಇಬ್ಬರು ವಕೀಲರಲ್ಲಿ ಹಿರಿಯರನ್ನು ಜನ ‘ದೊಡ್ಡವರು’ ಎನ್ನುತ್ತಿದ್ದರು, ಕಿರಿಯಳನ್ನು ‘ಲಾಯರಮ್ಮ’. ಆ ಮಧ್ಯಾಹ್ನ ಲಾಯರಮ್ಮ ಒಬ್ಬಳೇ ಇದ್ದಳು.

“ನನ್ನ ತಂಗಿ ವಿಷಯ ಮೇಡಂ,” ಎಂದ ಆತ, ಕುರ್ಚಿಯ ತುದಿಯಲ್ಲಿ ಕೂತು. “ಕೇಸು ಅಂತ ಏನಿಲ್ಲ. ಸ್ವಲ್ಪ ಸಲಹೆ ಬೇಕಿತ್ತು. ಗಂಡ ತೀರಿಕೊಂಡಿದ್ದಾನೆ. ಅತ್ತೆ ಜೊತೆ ಇದ್ದಾಳೆ. ಒಬ್ಬಳೇ ಮಗಳು, ಶಾಲೆಗೆ ಹೋಗ್ತಾಳೆ.”

ಲಾಯರಮ್ಮ ಬರೆದುಕೊಳ್ಳತೊಡಗಿದಳು. ಅವಳ ಸ್ವಂತ ಸಂಸಾರವೂ ಹೀಗೇ. ಲೋಕದಲ್ಲಿ ಇಂಥವು ಬೇಕಾದಷ್ಟಿವೆ ಎಂದುಕೊಂಡಳು.

“ಅತ್ತೆ ಏನಾದರೂ ತೊಂದರೆ ಕೊಡ್ತಾರಾ?”

“ಅಯ್ಯೋ ಇಲ್ಲ, ಬಂಗಾರದಂಥ ಹೆಂಗಸು. ಬಾಯಿ ಒಂಚೂರು ಜೋರು ಅಷ್ಟೇ. ಎಡಗಿವಿ ಕೇಳಿಸಲ್ಲ ಪಾಪ. ಆ ಪಕ್ಕದಲ್ಲಿ ಯಾರು ಬಂದು ನಿಂತರೂ ಗೊತ್ತಾಗಲ್ಲ.”

ಲಾಯರಮ್ಮನ ಪೆನ್ನು ನಿಂತಿತು.

“ಹಿತ್ತಲ ಬಾಗಿಲಿನ ಚಿಲಕ ಸಡಿಲ ಆಗಿದೆ. ಹುಡುಗಿಗೆ ಹಳದಿ ಬ್ಯಾಗು. ಶಾಲೆ ಬಿಟ್ಟ ಮೇಲೆ ದೊಡ್ಡ ರಸ್ತೇಲಿ ಬಾ ಅಂದರೆ ಕೇಳಲ್ಲ, ಪಾರ್ಕಿನ ಹಿಂದಿನ ಓಣೀಲೇ ಬರ್ತಾಳೆ. ಅಲ್ಲಿ ಬೆಕ್ಕು ಮರಿ ಹಾಕಿದೆ, ಅದನ್ನ ನೋಡೋಕೆ.”

ಎಡಗಿವಿ ಕೇಳದ ಅತ್ತೆ, ಸಡಿಲ ಚಿಲಕ, ಹಳದಿ ಬ್ಯಾಗು ಎಲ್ಲವೂ ಅವಳವೇ. ಬೆಕ್ಕಿನ ವಿಷಯ ಮಾತ್ರ ಅವಳಿಗೂ ಗೊತ್ತಿರಲಿಲ್ಲ. “ತಂಗಿಗೆ ಏನು ಸಲಹೆ ಬೇಕು?” ಎಂದು ಕೇಳಿದಾಗ ಆ ದನಿ ತನ್ನದೇ ಎಂದು ಅವಳಿಗೆ ಅನ್ನಿಸಲಿಲ್ಲ.

“ಊರಿನ ಹುಚ್ಚರ ಉಸಾಬರಿ ಮೈಮೇಲೆ ಹಾಕ್ಕೊಂಡಿದ್ದಾಳೆ ಮೇಡಂ. ಬೇಡಮ್ಮ ಅಂತ ಅಣ್ಣನಾದವನು ಹೇಳಬೇಕಲ್ವಾ? ನೀವಾಗಿದ್ದರೆ ಏನು ಮಾಡ್ತಿದ್ದಿರಿ?”

ಉತ್ತರಕ್ಕೆ ಕಾಯದೆ ಎದ್ದ. ಕುರ್ಚಿಯನ್ನು ಮೊದಲಿದ್ದ ಜಾಗಕ್ಕೇ ಸದ್ದಾಗದಂತೆ ಸರಿಸಿದ. ಆಗ ಅವನ ಎಡಗೈ ಹೆಬ್ಬೆರಳು ಕಂಡಿತು, ಅದಕ್ಕೆ ಉಗುರಿರಲಿಲ್ಲ.

ಉಸಾಬರಿ ಯಾವುದೆಂದು ಲಾಯರಮ್ಮನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಊರಾಚೆ ಮಾನಸಿಕ ರೋಗಿಗಳ ಆರೈಕೆಯ ಒಂದು ಖಾಸಗಿ ಕೇಂದ್ರವಿತ್ತು. ಎತ್ತರದ ಗೋಡೆ, ಮುಂದೆ ಹೂದೋಟ, ಗೋಡೆಯ ಮೇಲೆ ನಗುವ ಮುಖಗಳ ಚಿತ್ರ. ಒಳಗೆ ಹೆಂಗಸರನ್ನು ಕೂಡಿಹಾಕಿ ಹೊಡೆಯುತ್ತಾರೆಂದು ಹೇಳಿದ್ದು ಅಲ್ಲಿಂದ ತಪ್ಪಿಸಿಕೊಂಡು ಬಂದ ಒಬ್ಬಾಕೆ. ಮೊದಲು ಗಣಿತದ ಟೀಚರ್ ಆಗಿದ್ದವಳು. ಕೆಲವು ವಾರ ಮನಸ್ಸು ಕೆಟ್ಟು ಮಲಗಿದ್ದಕ್ಕೆ ಸ್ವಂತ ಅಣ್ಣನೇ ತಂದು ಬಿಟ್ಟುಹೋಗಿದ್ದ. ಅವಳು ಹುಷಾರಾದಳು, ಅಣ್ಣ ಮತ್ತೆ ಬರಲಿಲ್ಲ, ವರ್ಷಗಳು ಉರುಳಿದವು. ಅವಳ ಮಾತಿನ ಮೇಲೆ ಸಂಸ್ಥೆ ಕೋರ್ಟಿಗೆ ಹೋಗಿತ್ತು. ಅವಳ ತಲೆ ಇನ್ನೂ ಸರಿಯಿಲ್ಲ, ಇಲ್ಲದ್ದೆಲ್ಲ ಕಲ್ಪಿಸಿಕೊಳ್ಳುತ್ತಾಳೆ ಎಂದು ಕೇಂದ್ರದವರ ವಾದ. ಹಾಗಾದರೆ ಆಕೆಯನ್ನೇ ಕರೆದುಕೊಂಡು ಬನ್ನಿ, ನಾನೇ ಮಾತಾಡಿಸುತ್ತೇನೆ ಎಂದಿದ್ದರು ನ್ಯಾಯಾಧೀಶರು. ಈತ ಬಂದುಹೋದ ಮಾರನೆಯ ದಿನವೇ ಆ ವಿಚಾರಣೆ.

ಲಾಯರಮ್ಮ ಕಚೇರಿಗೆ ಬೀಗವನ್ನೂ ಹಾಕದೆ ಶಾಲೆಗೆ ಓಡಿದಳು. ಗೇಟಿನ ಬಳಿ ಹಳದಿ ಬ್ಯಾಗು ಕಂಡಿತು. ಮಗಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಹುಡುಗಿ “ಅಮ್ಮಾ, ನೋಯುತ್ತೆ” ಎಂದಳು.

“ಓಣೀಲಿ ಬೆಕ್ಕಿನ ಮರಿ ಇದೆಯಾ?”

“ನಿನಗೆ ಹೇಗೆ ಗೊತ್ತಾಯ್ತು? ಒಬ್ಬರು ಅಂಕಲ್ ತೋರಿಸಿದರು. ಯಾರಿಗೂ ಹೇಳಬೇಡ, ಹೇಳಿದರೆ ತಾಯಿಬೆಕ್ಕು ಮರೀನ ಬಿಟ್ಟು ಹೋಗುತ್ತೆ ಅಂದರು.”

ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋದಳು. ಇನ್‌ಸ್ಪೆಕ್ಟರು ಕೆಟ್ಟವರೇನಲ್ಲ, ಮಗುವಿಗೆ ಬಿಸ್ಕತ್ತು ಕೊಟ್ಟು ಕೂರಿಸಿ, ಎಲ್ಲವನ್ನೂ ಕೇಳಿಸಿಕೊಂಡರು.

“ಅವನು ಬೆದರಿಸಿದನಾ?”

“ಬಾಯಿಬಿಟ್ಟು ಬೆದರಿಸಲಿಲ್ಲ.”

“ಮತ್ತೆ? ತಂಗಿ ಬಗ್ಗೆ ಮಾತಾಡಿದ, ನಿಮಗೆ ನಿಮ್ಮ ಮನೆ ನೆನಪಾಯ್ತು. ಯಾರೋ ಮಗುವಿಗೆ ಬೆಕ್ಕಿನ ಮರಿ ತೋರಿಸಿದರು. ಇದನ್ನ ಏನಂತ ಬರ್ಕೊಳ್ಳಲಿ? ಕೆಲಸ ಜಾಸ್ತಿಯಾದಾಗ ಹೀಗೆಲ್ಲ ಅನ್ನಿಸೋದು ಸಹಜ ಮೇಡಂ. ಸ್ವಲ್ಪ ರೆಸ್ಟ್ ತಗೊಳ್ಳಿ.”

ಕಲ್ಪನೆ, ಆಯಾಸ, ವಿಶ್ರಾಂತಿ. ಟೀಚರ್ ಬಗ್ಗೆ ಕೇಂದ್ರದವರು ಹೇಳುತ್ತಿದ್ದ ಮಾತುಗಳೇ ಈಗ ಅವಳ ಕೊರಳಿಗೆ ಬಿದ್ದಿದ್ದವು.

ಮನೆಯಲ್ಲಿ ಅತ್ತೆ ಬಟ್ಟೆ ಮಡಚುತ್ತಿದ್ದರು. ಆ ಮಹಾತಾಯಿ ಬಾಯಿ ಮುಚ್ಚುವುದು ನಿದ್ದೆಯಲ್ಲಿ ಮಾತ್ರ, ಅದೂ ಪೂರ್ತಿಯಲ್ಲ. ಸೊಸೆ ಒಳಗೆ ಕಾಲಿಡುವಷ್ಟರಲ್ಲಿ ಶುರುವಾಯಿತು: “ಬೆಳಗ್ಗೆ ನೀರಿನ ಮೀಟರು ನೋಡೋನು ಬಂದಿದ್ದ ಕಣೇ. ಎಂಥಾ ಸಂಪನ್ನ ಅಂತೀಯ! ಅಮ್ಮಾ ಚಿಲಕ ಸಡಿಲ ಇದೆ, ಬಿಗಿ ಮಾಡಿಸಿ ಅಂದ. ನಾನೇ ಕೂರಿಸಿ ಚಹಾ ಕೊಟ್ಟೆ.”

“ನಮ್ಮ ಮೀಟರು ಬೀದೀಲಿ ಅಲ್ವಾ ಅತ್ತೆ ಇರೋದು?”

ಅತ್ತೆಯ ಕೈಯಲ್ಲಿದ್ದ ಬಟ್ಟೆ ಅರ್ಧ ಮಡಿಕೆಯಲ್ಲೇ ನಿಂತಿತು. ವರ್ಷಗಟ್ಟಲೆ ಜೊತೆಗಿದ್ದ ಸೊಸೆ, ಅತ್ತೆಗೆ ಮಾತು ಸಿಗದಿದ್ದುದನ್ನು ಅಂದೇ ಮೊದಲು ನೋಡಿದ್ದು.

ಲಾಯರಮ್ಮ ದೊಡ್ಡವರಿಗೆ ಫೋನು ಮಾಡಿ, ನಡೆದದ್ದನ್ನು ಹೇಳಿ, ನಾಳೆ ಕೋರ್ಟಿಗೆ ಬರಲು ತನ್ನಿಂದಾಗುವುದಿಲ್ಲ ಎಂದಳು. ಅವರು ಬೈಯಲಿಲ್ಲ. “ನಿನ್ನ ಮಗು ಮೊದಲಮ್ಮ. ನಾಳೆ ನಾನೇ ನಿಂತ್ಕೋತೀನಿ,” ಎಂದರು. ಆ ಮಾತಿಗೆ ಎದೆ ಹಗುರಾಯಿತು. ಹಗುರಾಯಿತಲ್ಲ ಎಂದು ನಾಚಿಕೆಯೂ ಆಯಿತು. ಆಮೇಲೆ ಟೀಚರ್‌ಗೆ ಮಾಡಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಡೆದದ್ದನ್ನೇ ಹೇಳಿದಳು.

“ತಂಗಿ ಅಂದನಾ?” ಎಂದು ಕೇಳಿದಳು ಟೀಚರ್. “ಹೆಬ್ಬೆರಳಿಗೆ ಉಗುರು ಇರಲಿಲ್ಲ ಅಲ್ವಾ?”

“ಇರಲಿಲ್ಲ.”

“ಅವನೇ ಕೇಂದ್ರದ ಬೀಗದವನು, ಬಾಗಿಲು ಹಾಕಿ ತೆಗೆಯೋನು. ನಮ್ಮನ್ನೆಲ್ಲ ತಂಗಿ ಅಂತಲೇ ಕರೀತಿದ್ದ. ಹೊಡೆಯೋ ಮುಂಚೆನೂ.” ಅವಳೇ ಮುಂದುವರಿಸಿದಳು: “ನೀವು ಬರಬೇಡಿ. ನನಗೆ ಬೇಜಾರಿಲ್ಲ. ಆದರೆ ನಾನು ಹೋಗಲೇಬೇಕು. ನಾನು ಓಡಿಬಂದೆ ಅಂತ ಒಳಗಿರೋರಿಗೆ ಏನೇನು ಮಾಡ್ತಿದ್ದಾನೋ.”

ನಡೆದದ್ದು ನಿಜವೇ ಎಂದು ಅವಳು ಕೇಳಲೇ ಇಲ್ಲ. ಠಾಣೆಯಲ್ಲಿ ಸಿಗದ ನಂಬಿಕೆ ಅವಳಲ್ಲಿ ಕೇಳದೆಯೇ ಸಿಕ್ಕಿತ್ತು.

ಬೆಳಿಗ್ಗೆ ಅತ್ತೆ ಮೊಮ್ಮಗಳನ್ನು ಕರೆದುಕೊಂಡು ತಮ್ಮ ತಂಗಿಯ ಮನೆಗೆ ಹೊರಟರು. ಬಾಗಿಲಲ್ಲಿ ತಿರುಗಿ ನಿಂತು, “ಹೋಗ್ತೀಯಾ?” ಎಂದರು. ಲಾಯರಮ್ಮ ಕರಿ ಕೋಟಿನ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದಳು. ಅತ್ತೆ ಹತ್ತಿರ ಬಂದು ತಾವೇ ಗುಂಡಿ ಹಾಕಿ, ಮೊಮ್ಮಗಳ ಕೈ ಹಿಡಿದು ಹೋದರು.

ಕೋರ್ಟಿನಲ್ಲಿ ಅವನು ಹಿಂದಿನ ಬೆಂಚಿನಲ್ಲಿ ಕೂತಿದ್ದ. ಮದುವೆಗೆ ಬಂದವನ ಹಾಗೆ ನಿರಾಳವಾಗಿ. ಟೀಚರ್ ಕಟಕಟೆ ಹತ್ತಿ, ತಲೆಯೆತ್ತಿ ಅವನನ್ನು ಕಂಡಳು. ಕಂಡಿದ್ದೇ ತಡ, ಬಾಯಿ ಕಟ್ಟಿತು. ನ್ಯಾಯಾಧೀಶರು ಹೆಸರು ಕೇಳಿದರು. ಉತ್ತರವಿಲ್ಲ. ಮೃದುವಾಗಿ ಮತ್ತೊಮ್ಮೆ ಕೇಳಿದರು. ದನಿ ಹೊರಡಲಿಲ್ಲ.

“ಹೆಸರೂ ನೆನಪಿಲ್ಲದವರನ್ನು ನಂಬಿ ಕೇಸು ಹಾಕಿದ್ದಾರೆ ಸ್ವಾಮಿ,” ಎಂದರು ಕೇಂದ್ರದ ವಕೀಲರು.

ದೊಡ್ಡವರು ಏಳುವ ಮೊದಲೇ ಲಾಯರಮ್ಮ ಎದ್ದಿದ್ದಳು. “ಸ್ವಾಮಿ, ಅವರಿಗೆ ಹೆಸರು ನೆನಪಿದೆ. ಹೆದರಿದ್ದಾರೆ. ನಾನೂ ಹೆದರಿದ್ದೀನಿ,” ಎಂದು ಹಿಂದಿನ ದಿನ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಕಿವಿ, ಚಿಲಕ, ಬ್ಯಾಗು, ಬೆಕ್ಕು. ಹೇಳುತ್ತಾ ಹೇಳುತ್ತಾ ಅಳು ಬಂತು. ಅಳುತ್ತಲೇ ಹೇಳಿ ಮುಗಿಸಿದಳು. “ಇದೆಲ್ಲ ನನ್ನ ಕಲ್ಪನೆ ಅಂತಾರೆ. ಆ ಕಲ್ಪನೆ ಹಿಂದಿನ ಬೆಂಚಿನಲ್ಲಿ ಕೂತಿದೆ.”

ಅವನು ಆಗಲೇ ಎದ್ದು ಬಾಗಿಲ ಕಡೆ ಹೊರಟಿದ್ದ. ನ್ಯಾಯಾಧೀಶರು ಜವಾನನಿಗೆ ಕಣ್ಸನ್ನೆ ಮಾಡಿದರು, ಬಾಗಿಲು ಮುಚ್ಚಿತು.

“ನಿನ್ನೆ ಇವರ ಕಚೇರಿಗೆ ಹೋಗಿದ್ದಿರಾ?”

“ಹೌದು ಸ್ವಾಮಿ. ತಂಗಿ ವಿಷಯಕ್ಕೆ.”

“ತಂಗಿ ಮನೆ ಎಲ್ಲಿ?”

ಅವನು ಬಾಯಿ ತೆರೆದ. ಒಂದು ಸುಳ್ಳು ವಿಳಾಸ ಹೇಳಿದ್ದರೆ ಅಂದಿಗೆ ದಾಟಿಬಿಡುತ್ತಿದ್ದನೇನೋ. ಆದರೆ ತಂಗಿ ಎಂದು ಕರೆದ ಅಭ್ಯಾಸಬಲ, ಕಣ್ಣು ಟೀಚರ್ ಕಡೆ ಹೋಯಿತು. ಅಲ್ಲಿದ್ದವರೆಲ್ಲ ಆ ನೋಟವನ್ನು ಕಂಡರು. ಆಗಲೇ ಟೀಚರ್‌ಗೆ ದನಿ ಬಂದದ್ದು.

“ಅಡುಗೆಮನೆ ಹಿಂದೆ ಸೌದೆ ಪೇರಿಸಿದ್ದಾರೆ ಸ್ವಾಮಿ. ಸೌದೆ ಸರಿಸಿದರೆ ಬಾಗಿಲಿದೆ. ನಮ್ಮನ್ನ ಅಲ್ಲಿ ಹಾಕ್ತಿದ್ದರು. ಇವತ್ತೂ ಇದ್ದಾರೆ.”

“ಇರೋದು, ಇಲ್ಲದಿರೋದು ಹೋಗಿ ನೋಡಿದರೆ ಗೊತ್ತಾಗುತ್ತಲ್ಲ,” ಎಂದರು ನ್ಯಾಯಾಧೀಶರು. “ಈಗಲೇ ಹೋಗಲಿ.” ಕೋರ್ಟಿನ ಒಬ್ಬ ಅಧಿಕಾರಿ, ಪೊಲೀಸರು, ಒಬ್ಬ ಡಾಕ್ಟರು, ದಾರಿ ತೋರಿಸಲು ಟೀಚರ್, ಅವಳ ಜೊತೆಗೆ ಲಾಯರಮ್ಮ. ಅಲ್ಲಿಂದ ವರದಿ ಬರುವವರೆಗೆ ಕೇಂದ್ರದ ಕಡೆಯವರು ಯಾರೂ ಕೋಣೆ ಬಿಡಕೂಡದು, ಫೋನು ಮುಟ್ಟಕೂಡದು.

ಸೌದೆಯ ಹಿಂದೆ ಬಾಗಿಲಿತ್ತು. ಬೀಗ ಒಡೆದಾಗ ಬಂದ ವಾಸನೆಗೆ ಪೊಲೀಸರೇ ಮುಖ ತಿರುಗಿಸಿದರು. ಕತ್ತಲಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ಗೋಡೆಗೆ ಅಂಟಿಕೊಂಡು ಕೂತ ಹೆಂಗಸರ ಕಣ್ಣುಗಳು ಕಂಡವು. ಅಧಿಕಾರಿ “ಹೊರಗೆ ಬನ್ನಿ, ಭಯ ಇಲ್ಲ” ಎಂದು ಕರೆದರು. ಯಾರೂ ಅಲುಗಾಡಲಿಲ್ಲ. ತೆರೆದ ಬಾಗಿಲನ್ನು ಅವರು ನಂಬಿರಲಿಲ್ಲ. ಹಿಂದೆ ಅದು ತೆರೆದದ್ದು ಯಾತಕ್ಕೆಂದು ಅವರಿಗೇ ಗೊತ್ತು. ಟೀಚರ್ ಹೊಸಿಲವರೆಗೆ ಬಂದಳು. ಅಲ್ಲಿಂದ ಮುಂದೆ ಕಾಲೆತ್ತಲು ಅವಳಿಂದಲೂ ಆಗಲಿಲ್ಲ. ಲಾಯರಮ್ಮನ ತೋಳು ಹಿಡಿದು ನಿಂತಳು.

ಲಾಯರಮ್ಮ ಕೋಟು ಬಿಚ್ಚಿ ಅವಳ ಕೈಗೆ ಕೊಟ್ಟು, ಒಬ್ಬಳೇ ಒಳಗೆ ಹೋದಳು. ಬಾಗಿಲು ಹಿಂದಿನಿಂದ ಮುಚ್ಚಿಕೊಂಡೀತೆಂಬ ಅರ್ಥವಿಲ್ಲದ ದಿಗಿಲು. ಆ ಹೆಂಗಸರ ಪಕ್ಕದಲ್ಲೇ ನೆಲಕ್ಕೆ ಕೂತಳು. ಬಹಳ ಹೊತ್ತಿನ ಮೇಲೆ ಒಂದು ತಣ್ಣನೆಯ ಕೈ ಅವಳ ಮೊಣಕೈ ಹಿಡಿಯಿತು. ಆ ಕೈಯನ್ನು ಹಿಡಿದುಕೊಂಡೇ ಎದ್ದಳು. ಒಬ್ಬರ ಹಿಂದೆ ಒಬ್ಬರು ಬಂದರು.

ಕೇಂದ್ರಕ್ಕೆ ಬೀಗ ಬಿತ್ತು. ಯಜಮಾನ ಜೈಲಿಗೆ ಹೋಗಿ ಜಾಮೀನಿನ ಮೇಲೆ ಬಂದ. ಬೀಗದವನನ್ನೂ ಹಿಡಿದರು, ಅವನೂ ಕೆಲವು ತಿಂಗಳಿಗೆ ಹೊರಗೆ ಬಂದ, ಆಮೇಲೆ ಎಲ್ಲಿ ಹೋದನೋ ಯಾರಿಗೂ ತಿಳಿಯದು. ಹೆಂಗಸರಲ್ಲಿ ಕೆಲವರನ್ನು ಮನೆಯವರು ಕರೆದೊಯ್ದರು. ಯಾರೂ ಬಾರದವರ ಜೊತೆ ಟೀಚರ್ ಒಂದು ಮನೆ ಮಾಡಿಕೊಂಡಳು. ಆ ಮನೆಯ ಒಳಬಾಗಿಲುಗಳನ್ನು ಅವಳು ಕಳಚಿಸಿಬಿಟ್ಟಿದ್ದಾಳೆ.

ಲಾಯರಮ್ಮನೂ ಮನೆ ಬದಲಿಸಿದಳು. ಆದರೂ ಮೆಟ್ಟಿಲ ಮೇಲೆ ಗುರುತಿಲ್ಲದ ಹೆಜ್ಜೆ ಕೇಳಿಸಿದರೆ ಕೈಯಲ್ಲಿನ ತುತ್ತು ಹಾಗೇ ನಿಲ್ಲುತ್ತದೆ. ಒಮ್ಮೆ ಹಾಗೆ ನಿಂತದ್ದನ್ನು ಅತ್ತೆ ನೋಡಿದರು.

“ಇನ್ನೂ ಹೆದರಿಕೆ ಆಗುತ್ತಾ?”

“ಆಗುತ್ತೆ ಅತ್ತೆ.”

“ನನಗೂ ಆಗುತ್ತೆ,” ಎಂದರು ಅತ್ತೆ. “ಮೊದಲು ಉಣ್ಣು. ಆಮೇಲೆ ಇಬ್ಬರೂ ಕೂತು ಹೆದರೋಣ.”